ಮೇಲ್ಕಟ್ಟಿನ ಒಂದು ಗೇಣು

ಲೆಕ್ಕದ ಮೇಷ್ಟ್ರು ವೆಂಕಟರಾಯಪ್ಪನವರು ಆ ಭಾನುವಾರ ಬೆಳಗ್ಗೆ ತಿಂಡಿಗೂ ಏಳಲಿಲ್ಲ. ಎದುರಿಗೆ ನಾಲ್ಕು ರಟ್ಟಿನ ತುಂಡುಗಳು. ಅವನ್ನು ಹಾಗೆ ಜೋಡಿಸುವುದು, ಹೀಗೆ ಜೋಡಿಸುವುದು, ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುವುದು, ಮತ್ತೆ ಜೋಡಿಸುವುದು. ಅಡುಗೆಮನೆಯಿಂದ ಹೆಂಡತಿ ಭಾಗ್ಯಮ್ಮ ಎರಡು ಸಲ ಕರೆದರು. ಮೂರನೆಯ ಸಲ ಕರೆಯುವುದು ತಮ್ಮ ಮರ್ಯಾದೆಗೆ ಕಡಿಮೆಯೆನ್ನಿಸಿ, ತಟ್ಟೆಯನ್ನೇ ತಂದು ಪಕ್ಕದಲ್ಲಿ ಕುಕ್ಕಿದರು.

“ರಿಟೈರಾಗಿ ಇಷ್ಟು ವರ್ಷ ಆದ್ಮೇಲೆ ಪರೀಕ್ಷೆ ಬರೀತಾ ಕೂತಿದೀರಲ್ಲ, ಉಪ್ಪಿಟ್ಟು ಆರೋಗುತ್ತೆ, ತಿನ್ರೀ.”

ತುಂಡುಗಳನ್ನು ತಂದುಕೊಟ್ಟವಳು ಮಗಳು ಜ್ಯೋತಿಲಕ್ಷ್ಮಿ. ದೊಡ್ಡಬಳ್ಳಾಪುರದ ಶಾಲೆಯೊಂದರಲ್ಲಿ ಅವಳೂ ಲೆಕ್ಕದ ಟೀಚರು. ಮಕ್ಕಳಿಗೆ ತೋರಿಸಲೆಂದು, ಚೌಕಾಬಾರದ ಮನೆಗಳ ಹಾಗೆ ಗೆರೆ ಎಳೆದ ರಟ್ಟನ್ನು ನಾಲ್ಕಾಗಿ ಕತ್ತರಿಸಿದ್ದಳು. ಎರಡು ತ್ರಿಕೋನ, ಒಂದು ಬದಿ ಓರೆಯಾದ ಇನ್ನೆರಡು ತುಂಡು. ಒಂದು ರೀತಿಯಲ್ಲಿ ಕೂಡಿಸಿದರೆ ಎಂಟಕ್ಕೆ ಎಂಟರ ಚೌಕ, ಅಂದರೆ ಅರವತ್ತನಾಲ್ಕು ಮನೆ. ಅವೇ ನಾಲ್ಕು ತುಂಡುಗಳನ್ನು ಇನ್ನೊಂದು ರೀತಿಯಲ್ಲಿ ಕೂಡಿಸಿದರೆ ಹದಿಮೂರು ಉದ್ದ, ಐದು ಅಗಲದ ಪಟ್ಟಿ, ಅಂದರೆ ಅರವತ್ತೈದು ಮನೆ. ಏನನ್ನೂ ಸೇರಿಸಿಲ್ಲ, ಏನನ್ನೂ ತೆಗೆದಿಲ್ಲ. ಹಾಗಾದರೆ ಆ ಒಂದು ಮನೆ ಬಂದದ್ದೆಲ್ಲಿಂದ?

“ನಾನು ಹೇಳಲ್ಲಪ್ಪ, ನೀವೇ ಹುಡುಕಿ,” ಎಂದು ಜ್ಯೋತಿ ಪಂಥ ಹಾಕಿದ್ದಳು. “ಸಂಜೆ ಒಳಗೆ ಸಿಗದಿದ್ರೆ ಸೋತೆ ಅಂತ ಒಪ್ಕೋಬೇಕು.”

ಸೋಲು ವೆಂಕಟರಾಯಪ್ಪನವರಿಗೆ ಒಗ್ಗದ ಪದಾರ್ಥ. ಘಾಟಿ ರಸ್ತೆಯ ಆ ಸಣ್ಣ ಹಳ್ಳಿಯಲ್ಲಿ ಯಾರ ಮನೆಯ ಚಪ್ಪರಕ್ಕೆ ಎಷ್ಟು ತಗಡು, ಯಾರ ತೊಟ್ಟಿಗೆ ಎಷ್ಟು ನೀರು ಎಂಬುದೆಲ್ಲ ಅವರ ಬಾಯಿಂದಲೇ ಬರಬೇಕು. ಮೇಷ್ಟ್ರು ಕೂಡಿದ್ದನ್ನು ಮತ್ತೊಮ್ಮೆ ಕೂಡಿ ನೋಡುವವರು ಊರಲ್ಲಿ ಇರಲಿಲ್ಲ. ಅದು ಅವರಿಗೆ ತುಂಬ ಇಷ್ಟವೂ ಆಗಿತ್ತು. ಯಾರಿಗೆ ತಾನೆ ಇಷ್ಟವಾಗುವುದಿಲ್ಲ ಹೇಳಿ!

ಆದರೆ ಅಂದು ಅವರನ್ನು ಕಾಡುತ್ತಿದ್ದದ್ದು ಮಗಳ ಪಂಥ ಮಾತ್ರವಲ್ಲ. ಈ ನಾಲ್ಕು ತುಂಡುಗಳನ್ನು ಎಲ್ಲೋ ನೋಡಿದ್ದೇನೆ ಎಂಬ ಅನುಮಾನ. ಹದಿಮೂರು, ಐದು, ಎಂಟು. ಕೊನೆಗೆ ತುಂಡುಗಳನ್ನು ಪಟ್ಟಿಯಾಗಿ ಜೋಡಿಸಿ, ಒಂದು ಗಾಜಿನ ಮೇಲಿಟ್ಟು, ಕಿಟಕಿಯ ಬೆಳಕಿಗೆ ಹಿಡಿದರು. ಮೂಲೆಯಿಂದ ಮೂಲೆಗೆ ಓರೆಯಾಗಿ ಹೋದ ಕೂಡುಗೆರೆಯಲ್ಲಿ ಸಣ್ಣ ಬೆಳಕು ತೂರಿ ಬಂತು. ನೇರವೆಂದು ಕಣ್ಣು ನಂಬಿದ್ದ ಗೆರೆ ನೇರವಾಗಿರಲಿಲ್ಲ. ತ್ರಿಕೋನದ ಓರೆಯೇ ಬೇರೆ, ಪಕ್ಕದ ತುಂಡಿನ ಓರೆಯೇ ಬೇರೆ. ನಡುವೆ ದಾರದಷ್ಟು ಸಂದು. ಅಗಲ ನೋಡಿದರೆ ಏನೇನೂ ಅಲ್ಲ. ಆದರೆ ಅದು ಉದ್ದಕ್ಕೂ ಇತ್ತು, ಅಷ್ಟನ್ನೂ ಒಟ್ಟು ಮಾಡಿದರೆ ಸರಿಯಾಗಿ ಒಂದು ಮನೆ.

“ಸಿಕ್ತು!” ಎಂದು ಕೂಗಲು ಬಾಯಿ ತೆರೆದರು. ಆಗಲೇ ಜ್ಞಾಪಕ ಬಂತು. ಇದು ಸಪ್ಪಲಮ್ಮನ ಮೇಲ್ಕಟ್ಟು.

ಹೋದ ಶ್ರಾವಣದಲ್ಲಿ ಊರಿನ ಸಪ್ಪಲಮ್ಮನ ಗುಡಿಗೆ ಹೊಸ ಮಾಡು ಹಾಕಿಸಿದ್ದರು. ದೇವಿಯ ಉತ್ಸವಮೂರ್ತಿ ಕೂರುವ ಪೀಠದ ಮೇಲೆ ನೆರಳಿನಂತೆ ಕಟ್ಟುವ ಬಟ್ಟೆಗೆ ಮೇಲ್ಕಟ್ಟು ಎನ್ನುತ್ತಾರೆ. ಹಳೆಯದು ಜೀರ್ಣವಾಗಿತ್ತು. ಮಗ್ಗದ ಮಾಲೀಕರಾದ ಭಕ್ತರೊಬ್ಬರು ಕೆಂಪು ರೇಷ್ಮೆ ಕೊಟ್ಟರು. ಪೂಜಾರಿ ಅಪ್ಪಯ್ಯಣ್ಣ ಅದನ್ನು ದೇವಿಯ ಮುಂದೆ ಹರಡಿ, ಪದ್ಧತಿಯಂತೆ ಗೇಣು ಹಾಕಿ ಅಳೆದ: ಉದ್ದ ಹದಿಮೂರು ಗೇಣು, ಅಗಲ ಐದು ಗೇಣು. ಮೇಲ್ಕಟ್ಟಿಗೆ ಬೇಕಾದದ್ದು ಎಂಟಕ್ಕೆ ಎಂಟು. ದೇವಿಗೆ ಕೊಟ್ಟ ಬಟ್ಟೆಯಲ್ಲಿ ಒಂದು ಚೂರೂ ಹೊರಗೆ ಹೋಗಬಾರದು, ಮನುಷ್ಯರ ಮೈಗೆ ಅದು ಸೋಕಲೇಬಾರದು ಎನ್ನುವುದು ಆ ಊರಿನ ಕಟ್ಟು. ಆದ್ದರಿಂದ ಹಿಂದಿನವರು ಚೂರು ಉಳಿಯದ ಹಾಗೆ ಉದ್ದ ಬಟ್ಟೆಯನ್ನು ನಾಲ್ಕೇ ತುಂಡು ಮಾಡಿ, ತಿರುಗಿಸಿ ಕೂಡಿಸಿ ಚೌಕ ಮಾಡುವ ಒಂದು ಉಪಾಯ ಕಂಡುಕೊಂಡಿದ್ದರು. ಹಳೆಯ ಮೇಲ್ಕಟ್ಟನ್ನು ಹಾಗೆ ಹೊಲಿದವಳು ದರ್ಜಿ ಮುನಿವೆಂಕಟಮ್ಮನ ಅತ್ತೆ. ಹೊಸದನ್ನು ಮುನಿವೆಂಕಟಮ್ಮ ಹೊಲಿದಳು. ಸುತ್ತ ಜರಿಯಂಚು ಬೇರೆಯಾಗಿ ಹಚ್ಚಿದಳು. ತಂದು ಕಟ್ಟಿದಾಗ ಎಂಟಕ್ಕೆ ಎಂಟು, ಒಂದು ಎಳೆಯೂ ಹೆಚ್ಚು ಕಡಿಮೆಯಿಲ್ಲ. ಎಲ್ಲರೂ ಭೇಷ್ ಎಂದರು.

ಭೇಷ್ ಎಂದವರ ಕಣ್ಣು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಅದೇ ಶುಕ್ರವಾರ ಮುನಿವೆಂಕಟಮ್ಮನ ಸೊಸೆ ಶಿಲ್ಪ ಎಳೆ ಕೂಸನ್ನೆತ್ತಿಕೊಂಡು ಗುಡಿಗೆ ಬಂದಳು. ಕೂಸಿನ ತಲೆಗೆ ಕೆಂಪು ರೇಷ್ಮೆಯ ಕುಲಾವಿ. ಕೂಸನ್ನು ನೋಡಬೇಕಾದವರು ಕುಲಾವಿಯನ್ನು ನೋಡಿದರು, ಆಮೇಲೆ ತಲೆಯೆತ್ತಿ ಮೇಲ್ಕಟ್ಟನ್ನು ನೋಡಿದರು. ಗುಸುಗುಸು ಶುರುವಾಯಿತು. ಗುಡಿಯ ಯಜಮಾನಿಕೆ ನೋಡಿಕೊಳ್ಳುತ್ತಿದ್ದ ಲಕ್ಷ್ಮಯ್ಯ ಗಂಟಲು ಸರಿಮಾಡಿಕೊಂಡು, “ಸುಮ್ನೆ ಬಾಯಿಗೆ ಬಂದಂಗೆ ಮಾತಾಡೋದು ಬ್ಯಾಡ. ಮೇಷ್ಟ್ರು ಇದಾರಲ್ಲ, ಲೆಕ್ಕ ಹಾಕಿ ಹೇಳ್ಲಿ,” ಎಂದ.

ವೆಂಕಟರಾಯಪ್ಪನವರು ಲೆಕ್ಕ ಹಾಕಿದರು. ಕಾಗದವೂ ಬೇಕಾಗಲಿಲ್ಲ.

“ಕೊಟ್ಟಿದ್ದು ಹದಿಮೂರೈದಲೆ ಅರವತ್ತೈದು. ಮೇಲಿರೋದು ಎಂಟೆಂಟಲೆ ಅರವತ್ನಾಲ್ಕು. ಒಂದು ಗೇಣು ಚೌಕ ಕಮ್ಮಿ ಐತೆ.”

ಒಂದು ಗೇಣು ಚೌಕ! ಎಳೆಮಗುವಿನ ಕುಲಾವಿಗೆ ಬೇಕಾಗುವುದೂ ಅಷ್ಟೇ. ಮುನಿವೆಂಕಟಮ್ಮ ಮುಂದೆ ಬಂದಳು.

“ಆ ಟೋಪಿ ಸೂಲಿಬೆಲೆಯಿಂದ ಬಂದಿದ್ದು, ಅವ್ಳ ತೌರಿಂದ. ಬಟ್ಟೆ ಒಂದ್ ಚೂರೂ ಉಳೀಲಿಲ್ಲ ಮೇಷ್ಟ್ರೇ. ಕೂಡಿಸೋವಾಗ ಒಂದರ ಮೇಲೊಂದು ಒಂದೀಟು ಏರ್ಸಿದೀನಿ. ಹೊಲಿಗೆ ಒಳಕ್ಕೆ ಹೋಗಿರ್ಬೇಕು.”

“ಎಷ್ಟು ಏರ್ಸಿದೀಯಾ?”

“ಒಂದ್ ಬೆರಳಗಲ.”

ವೆಂಕಟರಾಯಪ್ಪನವರು ನಕ್ಕರು. “ಬೆರಳಗಲದೊಳಗೆ ಗೇಣಗಲ ಅಡಗುತ್ತೇನಮ್ಮಾ?”

ಎಲ್ಲರೂ ನಕ್ಕರು. ತರಗತಿಯಲ್ಲಿ ದಡ್ಡ ಹುಡುಗನಿಗೆ ಹೇಳುವ ಮಾತಿನ ಧಾಟಿ ಅದು. ಅದಕ್ಕೆ ನಗು ಬರುವುದು ಅವರಿಗೆ ಅಭ್ಯಾಸವಾಗಿತ್ತು. ಅವರಿಗೆ ಮುನಿವೆಂಕಟಮ್ಮನ ಮೇಲೆ ದ್ವೇಷವೇನೂ ಇರಲಿಲ್ಲ. ಇದ್ದದ್ದು ಲೆಕ್ಕ ಬಲ್ಲೆನೆಂಬ ಕೊಬ್ಬು. ದ್ವೇಷವಿರುವವನಾದರೂ ಒಂದು ಗಳಿಗೆ ಹಿಂದೆ ಮುಂದೆ ನೋಡುತ್ತಾನೆ, ಕೊಬ್ಬಿಗೆ ಅಷ್ಟೂ ಇಲ್ಲ.

ಮುಂದಿನ ಶುಕ್ರವಾರ ಮುನಿವೆಂಕಟಮ್ಮ ಒಂದು ಗೇಣು ಚೌಕದ ರೇಷ್ಮೆ ತುಂಡನ್ನು ತಟ್ಟೆಯಲ್ಲಿಟ್ಟು ತಂದು ದೇವಿಯ ಮುಂದಿಟ್ಟಳು. ಅರಿಶಿನ ಬಣ್ಣದ್ದು, ತನ್ನ ಧಾರೆಸೀರೆಯಿಂದ ಕತ್ತರಿಸಿದ್ದು. “ದೇವ್ರ ಗೇಣು ದೇವ್ರಿಗೆ,” ಎಂದಳು. ಅಪ್ಪಯ್ಯಣ್ಣ ಅದನ್ನು ಮೇಲ್ಕಟ್ಟಿನ ಮೂಲೆಗೆ ತೇಪೆ ಹಾಕಿಸಿದ. ಕದ್ದಿಲ್ಲದಿದ್ದರೆ ಯಾಕೆ ತಂದುಕೊಡುತ್ತಿದ್ದಳು ಎಂದು ಊರು ತೀರ್ಮಾನಿಸಿತು. ಆಮೇಲೆ ಅವಳ ಹತ್ತಿರ ರವಿಕೆ ಹೊಲಿಸುವವರು ಕಡಿಮೆಯಾದರು. ವೆಂಕಟರಾಯಪ್ಪನವರು ಇದನ್ನೆಲ್ಲ ಕೇಳಿದ್ದರು, ಕೇಳಿ ಮರೆತಿದ್ದರು. ತಮ್ಮ ಲೆಕ್ಕ ನಿಜವಾಯಿತೆಂಬ ಸಣ್ಣ ಸಮಾಧಾನವೂ ಆಗಿತ್ತೆನ್ನುವುದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ.

ಈಗ ಉಪ್ಪಿಟ್ಟು ಆರಿ ಕಲ್ಲಾಗಿತ್ತು. ಅವರು ತುಂಡುಗಳನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು ನೇರ ಗುಡಿಗೆ ನಡೆದರು. ಅಪ್ಪಯ್ಯಣ್ಣ ಬಾಗಿಲು ಹಾಕುವುದರಲ್ಲಿದ್ದ. “ಒಂದ್ನಿಮಿಷ, ಆ ಟಾರ್ಚ್ ತಗೊಂಡು ಬಾರಪ್ಪಾ,” ಎಂದು ಅವನನ್ನೇ ಏಣಿ ಹತ್ತಿಸಿ, ಮೇಲ್ಕಟ್ಟಿನ ಮೇಲಿಂದ ಬೆಳಕು ಬಿಡಿಸಿದರು. ಕೆಳಗೆ ನಿಂತು ನೋಡಿದರು. ರೇಷ್ಮೆಯೆಲ್ಲ ತೆಳುಗೆಂಪಾಗಿ ಬೆಳಗಿತು. ತುಂಡು ತುಂಡು ಕೂಡುವ ಕಡೆ ಮಾತ್ರ ಬಟ್ಟೆ ಎರಡು ಪದರವಾಗಿ, ಒಂದು ಬೆರಳಗಲದ ಕಪ್ಪು ಪಟ್ಟಿ ಈ ಅಂಚಿನಿಂದ ಆ ಅಂಚಿಗೆ ಹೋಗಿತ್ತು. ರಟ್ಟಿನಲ್ಲಿ ಸಂದಾಗಿ ಕಂಡದ್ದು ಇಲ್ಲಿ ಪದರವಾಗಿ ಕೂತಿತ್ತು. ಗೇಣು ಅಲ್ಲೇ ಇತ್ತು. ಶ್ರಾವಣದಿಂದ ಇಲ್ಲಿಯವರೆಗೆ ಎಲ್ಲರ ತಲೆಯ ಮೇಲೆಯೇ ಇತ್ತು.

“ಏನ್ ಮೇಷ್ಟ್ರೇ, ಇಲಿ ಗಿಲಿ ಕಡ್ದೈತಾ?” ಎಂದ ಅಪ್ಪಯ್ಯಣ್ಣ ಏಣಿಯ ಮೇಲಿಂದ.

“ಇಲ್ಲಪ್ಪಾ, ಇಳಿ,” ಎಂದರು.

ಮುನಿವೆಂಕಟಮ್ಮ ಹಟ್ಟಿಯ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಒಳಗೆ ಹೊಲಿಗೆ ಮಿಷನ್ನಿನ ಮೇಲೆ ರಾಗಿಯ ಚೀಲ ಕೂತಿತ್ತು. ಮಗ ಭೀಮರಾಜ್ ಭಾನುವಾರವಾದ್ದರಿಂದ ಹೆಂಡತಿಯನ್ನು ನೋಡಲು ಸೂಲಿಬೆಲೆಗೆ ಹೋಗಿದ್ದ. ಬಾಣಂತನಕ್ಕೆ ತವರಿಗೆ ಹೋದ ಹುಡುಗಿ ಇನ್ನೂ ಅಲ್ಲೇ ಇದ್ದಾಳೆಂದೇ ವೆಂಕಟರಾಯಪ್ಪನವರು ತಿಳಿದಿದ್ದರು. ಗುಡಿಗೆ ಬಂದಿದ್ದವಳು ಮತ್ತೆ ಯಾವಾಗ ಹೋದಳೆಂದು ಅವರು ಯೋಚಿಸಿಯೇ ಇರಲಿಲ್ಲ.

ಅವರು ನೆಲಕ್ಕೆ ಕೂತು ರಟ್ಟಿನ ತುಂಡುಗಳನ್ನು ಹರಡಿದರು. ಮುನಿವೆಂಕಟಮ್ಮ ನೋಡಿ, “ನಮ್ಮತ್ತೆ ಹಿಂಗೇ ಕತ್ರಿಸ್ತಿದ್ದಿದ್ದು,” ಎಂದಳು.

ಅವರು ಪಟ್ಟಿ ಮಾಡಿ ತೋರಿಸಿದರು, ಚೌಕ ಮಾಡಿ ತೋರಿಸಿದರು, ಸಂದು ತೋರಿಸಿದರು. ಜೀವಮಾನದಲ್ಲಿ ಎಷ್ಟೋ ಪಾಠ ಮಾಡಿದ್ದವರಿಗೆ ಈ ಪಾಠದಲ್ಲಿ ನಾಲಿಗೆ ತೊಡರಿತು. “ಗೇಣು ಕಳೆದಿರ್ಲಿಲ್ಲ ಮುನಿವೆಂಕಟಮ್ಮಾ. ಹೊಲಿಗೆ ಒಳಗೇ ಇತ್ತು, ನೀನು ಹೇಳ್ದಂಗೇ. ಬೆರಳಗಲದೊಳಗೆ ಗೇಣಗಲ ಅಡಗುತ್ತೆ. ನಾನು ಗುಣಿಸಿದ್ದು ಸರಿ, ತಿಳ್ಕೊಂಡಿದ್ದು ತಪ್ಪು. ದೊಡ್ಡ ತಪ್ಪು. ಶುಕ್ರವಾರ ಗುಡೀಲಿ ಎಲ್ರ ಮುಂದೆ ಹೇಳ್ತೀನಿ, ನೀನು ಕದ್ದಿಲ್ಲ ಅಂತ.”

ಅವಳು ಅಳಬಹುದು, ಇಲ್ಲವೇ ಬಯ್ಯಬಹುದು ಎಂದುಕೊಂಡಿದ್ದರು. ಎರಡಕ್ಕೂ ಸಿದ್ಧರಾಗಿ ಬಂದಿದ್ದರು. ಅವಳು ಕೈಯಲ್ಲಿದ್ದ ಕಾಯನ್ನು ಸುಲಿಯದೆ ಹಾಗೇ ಮೊರಕ್ಕೆ ಹಾಕಿದಳು.

“ನಾನು ಕದ್ದಿಲ್ಲ ಅಂತ ನಂಗೆ ಗೊತ್ತಿತ್ತು ಮೇಷ್ಟ್ರೇ. ಶಿಲ್ಪ ಕದ್ದಿಲ್ಲ ಅಂತ ಗೊತ್ತಿರ್ಲಿಲ್ಲ.”

ವೆಂಕಟರಾಯಪ್ಪನವರಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

“ಮೇಷ್ಟ್ರು ಲೆಕ್ಕ ಸುಳ್ಳಾಗಲ್ಲ ಅಂತ ಊರೆಲ್ಲ ಹೇಳುತ್ತೆ. ನಾನೂ ಹಂಗೇ ಅನ್ಕಂಡೆ. ನಾನು ತೆಗೀಲಿಲ್ಲ, ಬಟ್ಟೆ ಇದ್ದಿದ್ದು ನಮ್ಮನೇಲಿ. ಇನ್ಯಾರು ತೆಗೀತಾರೆ? ಮನೆಗೆ ಬಂದು ಕೇಳ್ದೆ. ತೌರಿಂದ ತಂದಿದ್ದು ಅಂತ ಕೂಸಿನ ತಲೆ ಮೇಲೆ ಕೈಯಿಟ್ಟು ಹೇಳಿದ್ಲು. ಗುಡೀಲಿ ನಾನೂ ಅದ್ನೇ ಹೇಳಿದ್ನಲ್ಲ, ಆದ್ರೂ ನಂಬ್ಲಿಲ್ಲ. ಕೂಸಿನ ತಲೆಯಿಂದ ಕುಲಾವಿ ಕಿತ್ತು, ಹೊಲಿಗೆ ಬಿಚ್ಚಿ, ಗೇಣು ಹಾಕಿ ಅಳೆದೆ. ಒಂದೇ ಗೇಣು ಬಂತು. ಅವಳು ಮಾತೇ ಆಡ್ಲಿಲ್ಲ. ಬೆಳಗ್ಗೆ ಕೂಸೆತ್ಕಂಡು ಹೊರಟೋದ್ಲು. ಅವಳ ತಪ್ಪಿಗೆ ಅಂತ ನನ್ ಧಾರೆಸೀರೆ ಕತ್ರಿಸ್ದೆ.”

ಇಷ್ಟು ಹೇಳಿ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ವೆಂಕಟರಾಯಪ್ಪನವರು ರಟ್ಟಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಒಬ್ಬಳಿಗೆ ಅನ್ಯಾಯ ಮಾಡಿದೆನೆಂದು ಒಪ್ಪಿಕೊಳ್ಳಲು ಬಂದವರು. ಅದು ಒಬ್ಬಳಲ್ಲೇ ನಿಂತಿರಲಿಲ್ಲ. ಅವರು ನಗುನಗುತ್ತ ಬಿಟ್ಟ ಮಾತು ಈ ಮನೆಯೊಳಕ್ಕೆ ಬಂದು, ಅತ್ತೆಯ ಕೈಯಲ್ಲಿ ಸೊಸೆಯ ಕೂಸಿನ ಟೋಪಿ ಬಿಚ್ಚಿಸಿತ್ತು. ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು.

“ಊರಿಗೆ ಆಮೇಲೆ ಹೇಳುವಿರಂತೆ,” ಎಂದಳು ಮುನಿವೆಂಕಟಮ್ಮ. “ಮೊದ್ಲು ನಾಳೆ ಸೂಲಿಬೆಲೆಗೆ ಬನ್ನಿ. ನನ್ ಮಾತು ಅವಳು ಕೇಳಲ್ಲ. ನೀವು ಈ ರಟ್ಟು ತೋರ್ಸಿ.”

ಮಾರನೆಯ ದಿನ ದೇವನಹಳ್ಳಿಯಲ್ಲಿ ಬಸ್ಸು ಬದಲಾಯಿಸಿ ಇಬ್ಬರೂ ಸೂಲಿಬೆಲೆಗೆ ಹೋದರು. ದಾರಿಯುದ್ದಕ್ಕೂ ಮುನಿವೆಂಕಟಮ್ಮ ಮಡಿಲಲ್ಲಿ ಹೊಸ ಕುಲಾವಿಯೊಂದನ್ನು ಇಟ್ಟುಕೊಂಡಿದ್ದಳು. ಅದನ್ನು ಯಾವಾಗ ಹೊಲಿದಳೆಂದು ಅವರು ಕೇಳಲಿಲ್ಲ. ಮಿಷನ್ನಿನ ಮೇಲಿನ ರಾಗಿ ಚೀಲವನ್ನು ಇಳಿಸಿರಬೇಕು.

ಶಿಲ್ಪ ಕೊಟ್ಟಿಗೆಯ ಮುಂದೆ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ಅತ್ತೆಯನ್ನು ಕಂಡು ಎದ್ದಳು, ಕೈ ಒರೆಸಿಕೊಂಡು ಚಾಪೆ ಹಾಸಿದಳು, ನೀರು ತಂದಿಟ್ಟಳು. ಮಾಡಬೇಕಾದ ಮರ್ಯಾದೆಯನ್ನೆಲ್ಲ ಮಾಡಿದಳು. ಮುಖ ಮಾತ್ರ ಎತ್ತಲಿಲ್ಲ. ಕೂಸು ಈಗ ಅಂಬೆಗಾಲಿಡುತ್ತಿತ್ತು. ಅಜ್ಜಿಯ ಗುರುತು ಹತ್ತದೆ ಅಮ್ಮನ ಕಾಲು ಹಿಡಿದುಕೊಂಡಿತು. ಮುನಿವೆಂಕಟಮ್ಮ ನೀಡಿದ ಕುಲಾವಿ ಎರಡು ಬೆರಳಷ್ಟು ಚಿಕ್ಕದಾಗಿತ್ತು. ಕೂಸಿನ ತಲೆ ಶ್ರಾವಣದಲ್ಲಿದ್ದಷ್ಟೇ ಇರುತ್ತದೆಂದು ಅವಳ ಕೈ ತಿಳಿದಿತ್ತು.

“ತಪ್ಪಾಯ್ತು ಕಣವ್ವಾ,” ಎಂದಳು ಮುನಿವೆಂಕಟಮ್ಮ. “ಮೇಷ್ಟ್ರು ಲೆಕ್ಕ ತಪ್ಪಂತೆ. ನೀನೇ ನೋಡು.”

ವೆಂಕಟರಾಯಪ್ಪನವರು ಚಾಪೆಯ ಮೇಲೆ ತುಂಡುಗಳನ್ನು ಜೋಡಿಸಿದರು. ಮತ್ತೆ ಅದೇ ಚೌಕ, ಅದೇ ಪಟ್ಟಿ, ಅದೇ ಸಂದು. ಶಿಲ್ಪ ಪೂರ್ತಿ ನೋಡಿದಳು. ಪಿ.ಯು.ಸಿ. ಓದಿದ ಹುಡುಗಿ, ಅರ್ಥವಾಗುವುದಕ್ಕೆ ತಡವಾಗಲಿಲ್ಲ.

“ಚೆನ್ನಾಗೈತೆ ಮೇಷ್ಟ್ರೇ,” ಎಂದಳು. ಆಮೇಲೆ ಅತ್ತೆಯ ಕಡೆ ತಿರುಗಿ, “ಈ ರಟ್ಟು ಸಿಗದೇ ಇದ್ದಿದ್ರೆ?” ಎಂದಳು.

ಮುನಿವೆಂಕಟಮ್ಮ ಒಂದು ತುಂಡನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು.

“ನಾನು ಕೂಸಿನ ತಲೆ ಮುಟ್ಟಿ ಹೇಳ್ದೆ. ಅದು ಸಾಕಾಗ್ಲಿಲ್ಲ. ರಟ್ಟು ಹೇಳಿದ್ದಕ್ಕೆ ಬಸ್ ಹತ್ಕಂಡು ಬಂದ್ರಿ. ನಾಳೆ ಇನ್ನೊಂದು ಲೆಕ್ಕ ಬರುತ್ತೆ ಅತ್ತೆ. ಆವಾಗ ಏನ್ ಮಾಡ್ಲಿ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವೆಂಕಟರಾಯಪ್ಪನವರು ಸಮಾಧಾನದ ಮಾತು ಹುಡುಕುತ್ತಿದ್ದರು. “ಎಲ್ಲ ನನ್ನಿಂದ ಆಗಿದ್ದು ಕಣಮ್ಮ,” ಎಂದಷ್ಟೇ ಹೇಳಿದರು. ಶಿಲ್ಪ ಅದಕ್ಕೆ ಇಲ್ಲವೆನ್ನಲಿಲ್ಲ. ಒಳಗೆ ಹೋಗಿ ಹಾಲು ಕಾಯಿಸಿ ತಂದಳು. ಮುನಿವೆಂಕಟಮ್ಮ ಹೊರಡುವಾಗ ಅವಳ ಕೈ ಹಿಡಿದು, “ಮನೆಗೆ ಬಾರವ್ವಾ,” ಎಂದಳು.

“ಬರ್ತೀನಿ ಅತ್ತೆ, ಯಾವತ್ತಾದ್ರೂ. ಇವತ್ತಲ್ಲ,” ಎಂದು ಶಿಲ್ಪ ಕೈ ಬಿಡಿಸಿಕೊಂಡಳು. ಚಿಕ್ಕದಾದ ಕುಲಾವಿಯನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ.

ಅಷ್ಟರಲ್ಲಿ ಕೂಸು ಒಂದು ತ್ರಿಕೋನವನ್ನು ಎಳೆದುಕೊಂಡು ಒಸಡಿನಿಂದ ಕಡಿಯುತ್ತ ಕೂತಿತ್ತು. ಶಿಲ್ಪ ಕಿತ್ತುಕೊಡಲು ಬಗ್ಗಿದಳು. ವೆಂಕಟರಾಯಪ್ಪನವರು ತಡೆದು, “ಇರ್ಲಿ ಬಿಡಮ್ಮ, ಅದರ ಕೈಯಿಂದ ಕಿತ್ಕೊಳ್ಳೋದು ಬೇಡ,” ಎಂದರು. ಉಳಿದ ಮೂರನ್ನು ಚೀಲಕ್ಕೆ ಹಾಕಿಕೊಂಡರು.

ಬಸ್ಸಿನಲ್ಲಿ ಮುನಿವೆಂಕಟಮ್ಮ ಅವರ ಕಡೆ ತಿರುಗಿದಳು. “ಶುಕ್ರವಾರ ನೀವು ಗುಡೀಲಿ ಹೇಳಿ ಮೇಷ್ಟ್ರೇ, ಬ್ಯಾಡ ಅನ್ನಲ್ಲ. ಆದ್ರೆ ಆ ಅರಿಶಿನದ ತೇಪೆ ಬಿಚ್ಚಿಸ್ಬ್ಯಾಡಿ. ಅಲ್ಲೇ ಇರ್ಲಿ. ತಲೆ ಎತ್ತಿ ನೋಡ್ದಾಗೆಲ್ಲ ನಾನು ಮಾಡಿದ್ದು ಜ್ಞಾಪಕ ಬರ್ಲಿ.”

ತಾವು ಮಾಡಿದ್ದಕ್ಕೆ ಅಲ್ಲಿ ಯಾವ ತೇಪೆಯೂ ಇಲ್ಲವಲ್ಲ ಎಂದು ವೆಂಕಟರಾಯಪ್ಪನವರಿಗೆ ಅನ್ನಿಸಿತು. ಮನೆಯವರೆಗೂ ಕಿಟಕಿಯ ಆಚೆ ನೋಡುತ್ತ ಬಂದರು.

ಸಂಜೆ ಜ್ಯೋತಿಲಕ್ಷ್ಮಿ ಶಾಲೆಯಿಂದ ಬಂದವಳೇ ರಟ್ಟಿನ ಚೀಲ ಕೇಳಿದಳು. ನಾಳೆ ತರಗತಿಗೆ ಬೇಕಿತ್ತು. ಮೇಜಿನ ಮೇಲೆ ಸುರಿದು ನೋಡಿ, “ಅಪ್ಪ, ಮೂರೇ ಇದೆಯಲ್ಲ! ಇನ್ನೊಂದನ್ನ ಯಾರು ತಗೊಂಡ್ರು?” ಎಂದಳು.

ಎಷ್ಟು ಸಲೀಸಾಗಿ ಬರುತ್ತದೆ ಆ ಮಾತು! ಒಂದು ವಸ್ತು ಕಾಣದಿದ್ದರೆ ಯಾರೋ ತಗೊಂಡಿದ್ದಾರೆ.

“ಯಾರೂ ತಗೊಂಡಿಲ್ಲಮ್ಮ,” ಎಂದರು ವೆಂಕಟರಾಯಪ್ಪನವರು. ಶ್ರಾವಣದ ಆ ಶುಕ್ರವಾರ ಗುಡಿಯಲ್ಲಿ ಇಷ್ಟೇ ಮಾತು ಸಾಕಾಗುತ್ತಿತ್ತು. “ನಾನೇ ಬಿಟ್ಟು ಬಂದೆ.”

ಎಲ್ಲಿ, ಯಾಕೆ ಎಂದು ಜ್ಯೋತಿ ಕೇಳಲಿಲ್ಲ. ಅಪ್ಪ ಹೇಳಿದ್ದನ್ನು ಹಾಗೇ ನಂಬಿ, ಕತ್ತರಿ ತಂದು, ಹೊಸ ತುಂಡನ್ನು ಕತ್ತರಿಸಲು ಕೂತಳು.